ಸರ್ಕಾರದ ಕೆಲಸವೂ ಮಠದ ಮಾತೂ



ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿರುವುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಆ ಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರೇ ಮುಂದೆ 1967ರಲ್ಲಿ ಭಾರತದ ಆಡಳಿತ ಸುಧಾರಣಾ ಆಯೋಗಕ್ಕೆ ಅಧ್ಯಕ್ಷರಾದರು. ಆ ಆಯೋಗ 20 ವರದಿಗಳನ್ನು ಕೊಟ್ಟಿತು. 2005ರಲ್ಲಿ ಎರಡನೆಯ ಆಯೋಗ ಬಂದಿತು. ಅದರ ಅಧ್ಯಕ್ಷತೆಯೂ ನಮ್ಮ ನಾಡಿನವರೇ ಆದ ವೀರಪ್ಪ ಮೊಯಿಲಿಯವರ ಪಾಲಿಗೆ ಬಂದಿತು. ಅದು ಕೊಟ್ಟದ್ದು 15 ವರದಿ. ಅಂತೂ ವರದಿಗಳಿಗೆ ಬರವಿಲ್ಲ! ಲೋಕಪಾಲ ಬೇಕೆಂದು ಮೊದಲನೆಯ ಆಯೋಗ ಹೇಳಿದ್ದು 1966ರಲ್ಲಿ, ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟದ್ದು 2013ರಲ್ಲಿ. ಆಗ ಹುಟ್ಟಿದ ಕೂಸು ಈ ಹೊತ್ತಿಗೆ ಮೊಮ್ಮಗುವನ್ನು ಎತ್ತಿಕೊಂಡಿರಬೇಕು.

ಏನೂ ಆಗಲಿಲ್ಲವೆನ್ನುವುದು ಸರಿಯಲ್ಲ. 2012ರಲ್ಲಿ ನಮ್ಮ ರಾಜ್ಯದಲ್ಲಿ ‘ಸಕಾಲ’ ಬಂದು, ಅರ್ಜಿ ಕೊಟ್ಟವನಿಗೆ ಇಷ್ಟು ದಿನದಲ್ಲಿ ಕೆಲಸವಾಗಬೇಕೆಂಬ ಗಡುವು ದೊರೆಯಿತು. ಆದರೆ ಆ ಅರ್ಜಿಯನ್ನು ನೋಡುವ ನೌಕರನಿಗೆ ನೆಲೆ ಎಲ್ಲಿದೆ? ಒಂದು ತಾಲ್ಲೂಕಿನ ಕೆರೆ, ಗಡಿ, ವ್ಯಾಜ್ಯ ಇವನ್ನು ತಿಳಿಯುವುದಕ್ಕೇ ವರುಷ ಬೇಕು. ತಿಳಿದನು ಎನ್ನುವಷ್ಟರಲ್ಲಿ ವರ್ಗದ ಆದೇಶ ಬರುತ್ತದೆ. ಯಾವಾಗ ಎತ್ತಿ ಹಾಕುತ್ತಾರೋ ಎಂಬ ಅಂಜಿಕೆಯಲ್ಲಿರುವವನು ಕಿಟಕಿಯ ಮುಂದೆ ನಿಂತ ಬಡವನ ಮುಖವನ್ನು ನೋಡುವನೋ, ಎತ್ತಿ ಹಾಕಬಲ್ಲವರ ಮುಖವನ್ನು ನೋಡುವನೋ? 2013ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು, ಸಂಪುಟ ಕಾರ್ಯದರ್ಶಿಯಾಗಿದ್ದ ಟಿ.ಎಸ್.ಆರ್. ಸುಬ್ರಮಣಿಯನ್ ಮೊದಲಾದವರ ಅರ್ಜಿಯ ಮೇಲೆ, ಅಧಿಕಾರಿಗಳಿಗೆ ಒಂದೆಡೆ ಕನಿಷ್ಠ ಅವಧಿ ಇರಲಿ, ಬಾಯಿಮಾತಿನ ಆಜ್ಞೆ ಬಂದರೆ ಅದನ್ನು ಬರೆದಿಡಲಿ ಎಂದಿತು.

ಬಾಯಿಮಾತು ಎಂದಾಗ ನಮಗೆ ನಮ್ಮದೇ ನೆನಪು ಬರುತ್ತದೆ. ಮುಚ್ಚಿಡುವುದೇಕೆ? ಕೆಲವು ವರುಷಗಳ ಹಿಂದೆ ಭಕ್ತರೊಬ್ಬರು ಬಂದು, “ಬುದ್ಧೀ, ಮಗ ದೂರದ ಊರಲ್ಲಿದ್ದಾನೆ, ತಾವು ಒಂದು ಮಾತು ಹೇಳಿದರೆ ಸಾಕು” ಎಂದರು. ನಾವು ಹೇಳಿದೆವು. ಎಂಟೇ ದಿನದಲ್ಲಿ ಹುಡುಗ ಊರಿಗೆ ಬಂದ. ಅವರು ಹಣ್ಣು-ಕಾಯಿ ತಂದು ಅಡ್ಡಬಿದ್ದರು. ನಮಗೂ ಸಂತೋಷವಾಯಿತು. ತಿಂಗಳು ಕಳೆದ ಮೇಲೆ ಒಬ್ಬ ಮುದುಕಿ ಬಂದು ಮೂಲೆಯಲ್ಲಿ ಕುಳಿತು ಅತ್ತಳು. ಅವಳ ಮಗಳು ವಿಧವೆ. ಹಾಸಿಗೆ ಹಿಡಿದ ಮಾವನನ್ನು ನೋಡಿಕೊಂಡು ಅದೇ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. ಅವಳನ್ನು ನಲವತ್ತು ಮೈಲಿ ಆಚೆಗೆ ಹಾಕಿದ್ದರು. ಅಲ್ಲಿ ಕುರ್ಚಿ ಖಾಲಿ ಇರಲಿಲ್ಲ, ನಮ್ಮ ಮಾತಿಗಾಗಿ ಖಾಲಿ ಮಾಡಿಸಿದ್ದರು. ಆ ತಾಯಿಗೆ ಅದು ಗೊತ್ತಿರಲಿಲ್ಲ; ನಮ್ಮಿಂದಲೇ ನ್ಯಾಯ ಕೇಳಲು ಬಂದಿದ್ದಳು! ನಾವೇ ಕಾರಣವೆಂದು ಅವಳಿಗೆ ಹೇಳಿದೆವು. ಆಕೆ ಎದ್ದು ನಿಂತಳು, ನಮಸ್ಕಾರ ಮಾಡದೆ ಹೋದಳು.

ಅಧಿಕಾರಿಗಳು ಕೆಟ್ಟರು, ಮಂತ್ರಿಗಳು ಕೆಟ್ಟರು ಎನ್ನುತ್ತೇವೆ. ಅವರ ಬಾಗಿಲಿಗೆ ಹೋಗುವ ಚೀಟಿಗಳಲ್ಲಿ ಮಠಗಳ ಚೀಟಿ ಎಷ್ಟು, ನಿಮ್ಮವು ಎಷ್ಟು? ಆಯೋಗದ ಯಾವ ವರದಿಯೂ ಈ ಚೀಟಿಗಳನ್ನು ತಡೆಯಲಾರದು.

ಅಂದಿನಿಂದ ವರ್ಗಾವಣೆಗೆ ನಾವು ಯಾರಿಗೂ ಮಾತು ಹೇಳುವುದಿಲ್ಲ. ಮುನಿಸಿಕೊಂಡು ಮಠಕ್ಕೆ ಬರುವುದನ್ನೇ ಬಿಟ್ಟವರುಂಟು. ಈ ದಿನ ಬೆಳಿಗ್ಗೆ ಪೂಜೆ ಮುಗಿಯುವುದನ್ನೇ ಕಾಯುತ್ತಿದ್ದ ಇಬ್ಬರು ಈ ಸಭೆಯಲ್ಲೂ ಕುಳಿತಿದ್ದಾರೆ. ಅವರು ದಾಸೋಹದಲ್ಲಿ ಪ್ರಸಾದ ತೆಗೆದುಕೊಂಡು ಹೋಗಲಿ. ಆ ಕಾಗದವನ್ನು ಮಾತ್ರ ಜೇಬಿನಿಂದ ತೆಗೆಯುವುದು ಬೇಡ.