ಪರದೇಶದಲ್ಲಿ ವಿಮಾನ ಹಾರಿಸಲು ಏನು ಬೇಕು?



ನಮ್ಮ ಕೆಲಗೇರಿಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಕೇಳಿದಳು: "ಟೀಚರ್, ನಾನು ಇಲ್ಲಿ ಸಣ್ಣ ವಿಮಾನ ನಡೆಸಲು ಕಲಿತರೆ, ಅಮೇರಿಕದಲ್ಲಿರುವ ಮಾಮೂ ಮನೆಗೆ ಹೋದಾಗ ಅಲ್ಲಿಯೂ ಹಾರಿಸಬಹುದೆ?" ತರಗತಿಯೆಲ್ಲ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ನಿಮ್ಮ ಮುಂದಿಡುತ್ತೇನೆ.

9ನೆಯ ಶತಮಾನದಲ್ಲಿ ಸ್ಪೇನಿನ ಕೊರ್ಡೋವಾದ ಅಬ್ಬಾಸ್ ಇಬ್ನ್ ಫಿರ್ನಾಸ್ ರೆಕ್ಕೆ ಕಟ್ಟಿಕೊಂಡು ಹಾರಲು ಯತ್ನಿಸಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಅವರಿಗೆ ಲೈಸೆನ್ಸ್ ಬೇಕಿರಲಿಲ್ಲ. ಇಂದು ಬೇಕು. 1944ರಲ್ಲಿ ಶಿಕಾಗೋ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶ ಕೊಟ್ಟ ಅಥವಾ ಮಾನ್ಯ ಮಾಡಿದ ಲೈಸೆನ್ಸ್ ಚಾಲಕರಲ್ಲಿರಬೇಕು. ನಮ್ಮ ವಿಮಾನಗಳ ನೋಂದಣಿ 'ವಿಟಿ' ಎಂಬ ಅಕ್ಷರಗಳಿಂದ ಆರಂಭವಾದರೆ, ಅಮೇರಿಕದವು 'ಎನ್' ಅಕ್ಷರದಿಂದ ಆರಂಭವಾಗುತ್ತವೆ.

ಮೊದಲು ಇಲ್ಲಿಯ ಲೈಸೆನ್ಸ್. ಖಾಸಗಿ ಚಾಲಕರ ಲೈಸೆನ್ಸಿಗೆ ವಯಸ್ಸು 17 ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ಕನಿಷ್ಠ 40 ಗಂಟೆ ಹಾರಾಟವಾಗಿರಬೇಕು. ವೈದ್ಯಕೀಯ ಪರೀಕ್ಷೆಯೂ ಲಿಖಿತ ಪರೀಕ್ಷೆಗಳೂ ಉಂಟು.

ಅನಂತರ ಅಮೇರಿಕದ ಮಾತು. ಪ್ರವಾಸಕ್ಕೆ ಕೆಲವು ತಿಂಗಳು ಮೊದಲೇ ಅಲ್ಲಿಯ ವಿಮಾನಯಾನ ಇಲಾಖೆಗೆ ಅರ್ಜಿ ಹಾಕಬೇಕು. ಆ ಇಲಾಖೆ ನಮ್ಮ ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವನ್ನು ಕೇಳುತ್ತದೆ: 'ಈ ಲೈಸೆನ್ಸ್ ನಿಜವೆ? ಚಾಲ್ತಿಯಲ್ಲಿದೆಯೆ?' ಹೌದೆಂಬ ಉತ್ತರ ಹೋದ ಮೇಲೆಯೇ ಮುಂದಿನ ಹೆಜ್ಜೆ. ಅಲ್ಲಿ ಅಧಿಕಾರಿಯ ಮುಂದೆ ಮೂಲ ಲೈಸೆನ್ಸ್, ವೈದ್ಯಕೀಯ ಪತ್ರ, ಪಾಸ್‌ಪೋರ್ಟ್ ತೋರಿಸಬೇಕು. ಇಂಗ್ಲಿಷ್ ಓದಲು, ಬರೆಯಲು, ಮಾತನಾಡಲು ಬರಬೇಕು. ಕೊನೆಗೆ ಅಲ್ಲಿಯ ಶಿಕ್ಷಕರೊಬ್ಬರು ಜೊತೆಗೆ ಹಾರಿ ಪರಿಶೀಲಿಸುತ್ತಾರೆ. ಇಷ್ಟಾದರೂ ಬಾಡಿಗೆ ಪಡೆದು ಜನರನ್ನು ಒಯ್ಯುವಂತಿಲ್ಲ. ಇಲ್ಲಿಯ ಲೈಸೆನ್ಸ್ ರದ್ದಾದರೆ ಅಲ್ಲಿಯದೂ ನಡೆಯದು.

ಪಾಲಕರೆ, ಇದನ್ನೆಲ್ಲ ನಿಮಗೇಕೆ ಹೇಳುತ್ತಿದ್ದೇನೆ? ಒಂದು ದೇಶ ಇನ್ನೊಂದು ದೇಶದ ಕಾಗದವನ್ನು ನಂಬುವುದು ಹೆಸರು, ಜನ್ಮದಿನಾಂಕ ನೋಡಿಯೇ. ನಮ್ಮ ಮನೆಗಳಲ್ಲಿ ಒಬ್ಬನೇ ಹುಡುಗ ಶಾಲೆಯಲ್ಲಿ 'ಮಹಮ್ಮದ', ಆಧಾರಿನಲ್ಲಿ 'ಮೊಹಮ್ಮದ್', ಪಾಸ್‌ಪೋರ್ಟಿನಲ್ಲಿ ಬರೀ 'ಎಂ.ಡಿ.' ಆಗಿರುತ್ತಾನೆ. ವಿಮಾನ ಹಾಗಿರಲಿ, ಸ್ಕಾಲರ್‌ಶಿಪ್ ಅರ್ಜಿಯೂ ಇದರಿಂದ ನಿಂತುಬಿಡುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗುವ ಮೊದಲು ತಿದ್ದಿಸುವುದು ಸುಲಭ. ಆಮೇಲೆ ಅಫಿಡವಿಟ್, ಅರ್ಜಿ, ಅಲೆದಾಟ. ಇಂದೇ ಮನೆಗೆ ಹೋಗಿ ಮಕ್ಕಳ ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿರಿ.

ಹೆಣ್ಣುಮಗಳಿಗೆ ಈ ಆಸೆ ಏಕೆ ಎನ್ನಬೇಡಿರಿ. ಹೈದರಾಬಾದಿನ ಬೇಕರಿ ಕೆಲಸಗಾರರೊಬ್ಬರ ಮಗಳು ಸೈಯದಾ ಸಲ್ವಾ ಫಾತಿಮಾ ವಿಮಾನ ಚಾಲಕಿಯಾಗಿದ್ದಾರೆ. ವಿಮಾನ ಕಲಿಕೆ ದುಬಾರಿ, ನಿಜ. ಆದರೆ ಹೆಸರು ಸರಿಪಡಿಸುವುದಕ್ಕೂ ಇಂಗ್ಲಿಷ್ ಕಲಿಸುವುದಕ್ಕೂ ಲಕ್ಷಗಳು ಬೇಡ.

ಆ ಹುಡುಗಿಗೆ ನಾನು ಹೇಳಿದ ಉತ್ತರ ಇಷ್ಟೆ: "ಹಾರಿಸಬಹುದು ಬೇಟಾ. ಮೊದಲು ನಿನ್ನ ಹೆಸರನ್ನು ಎಲ್ಲ ಕಡೆ ಒಂದೇ ರೀತಿ ಬರೆಸು."

ಅಲ್ಲಾಹನು ನಮ್ಮ ಮಕ್ಕಳ ಇಲ್ಮ್ ಹೆಚ್ಚಿಸಲಿ, ಆಮೀನ್. ಖುದಾ ಹಾಫಿಜ್.