ಹೆಸರಿಗಿಂತ ಮುಂದೆ ಜಾತಿ
(ಗುಡೂರಿನಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



2017ರ ರಾಷ್ಟ್ರಪತಿ ಚುನಾವಣೆ ನೆನಪು ಮಾಡಿಕೊಳ್ಳೋಣ. ರಾಮನಾಥ ಕೋವಿಂದ್ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ ವಕೀಲರು, ಬಿಹಾರದ ರಾಜ್ಯಪಾಲರಾಗಿದ್ದವರು. ಮೀರಾ ಕುಮಾರ್ ವಿದೇಶಾಂಗ ಸೇವೆಯಲ್ಲಿದ್ದವರು, ಐದು ಸಲ ಲೋಕಸಭೆಗೆ ಗೆದ್ದವರು, 2009ರಿಂದ 2014ರವರೆಗೆ ಅದರ ಸ್ಪೀಕರ್. ಪತ್ರಿಕೆ, ಟೀವಿ ಏನಂದವು? ‘ದಲಿತ ವಿರುದ್ಧ ದಲಿತ’! ಇಬ್ಬರ ಜೀವಮಾನದ ದುಡಿಮೆ ಮೂರು ಪದದಾಗ ಮುಗಿದುಹೋತು.

2012ರಲ್ಲಿ ಪ್ರಣಬ್ ಮುಖರ್ಜಿ ನಿಂತಾಗ ‘ಬ್ರಾಹ್ಮಣ ಅಭ್ಯರ್ಥಿ’ ಎಂಬ ತಲೆಬರಹ ನಾವಂತೂ ಕಾಣಲಿಲ್ಲ. ಅವರಿಗೆ ಅನುಭವ, ನಮ್ಮವರಿಗೆ ಜಾತಿ. ಮೇಲ್ಜಾತಿಯವರು ನಿಂತಾಗ ಜಾತಿಯ ಮಾತೇ ಬರಲಿಲ್ಲವಲ್ಲ ಎಂದು ಮೀರಾ ಕುಮಾರ್ ಅವರೇ ಕೇಳಿದರು.

ಪಕ್ಷಗಳೇ ಹಂಗ ಅಂದವಲ್ರಿ ಅಂತೀರಿ. ಖರೆ. ಆದರೆ ಪಕ್ಷ ಅಂದದ್ದನ್ನ ಹಂಗ ಅಚ್ಚು ಹಾಕೋದಷ್ಟ ಪತ್ರಿಕೆಯ ಕೆಲಸವೇ?

ದಲಿತ ಅನ್ನೋದು ನಮಗೆ ನಾಚಿಕೆಯ ಮಾತಲ್ಲ, ಹೋರಾಟದ ಹೆಸರು. ಅದನ್ನ ನಮ್ಮ ಓದು, ಬುದ್ಧಿ ಮುಚ್ಚೋ ಚೀಟಿ ಮಾಡಬ್ಯಾಡ್ರಿ ಅಂತೀವಿ, ಅಷ್ಟ.

ನಾಳೆ ಹಾಸ್ಟೆಲಿಗೆ ಪೇಪರ್ ಬಂದಾಗ ಪೆನ್ಸಿಲ್ ಹಿಡಿಯೋಣ. ಯಾರ ಹೆಸರಿನ ಮುಂದೆ ಜಾತಿ ಐತಿ, ಯಾರ ಹೆಸರಿನ ಮುಂದೆ ಇಲ್ಲ, ಗೆರೆ ಎಳೆಯೋಣ. ಸಂಪಾದಕರಿಗೆ ಕಾಗದ ಬರೆಯೋಣ. ಓದಾಕ ಕಲಿತವರು ನಾವು. ತಲೆಬರಹ ತಿದ್ದಾಕೂ ಕಲಿಯೋಣ.

ಜೈ ಭೀಮ್.