ಸಾರ್ವಜನಿಕ ಜಮೀನಿಗೆ ಕಾವಲು ಯಾರು?

(ಪಕ್ಷದ ಜಿಲ್ಲಾ ಸಭೆಯಲ್ಲಿ ಮಾಡಿದ ಭಾಷಣ)



ಗೋಮಾಳ, ಕೆರೆಯಂಗಳಗಳ ಮಾತು ಹಳ್ಳಿಯವರದು, ಪೇಟೆಯವರಿಗೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಿವೇಶನ ಕೇಳಲು ಹೋದ ಕಾರ್ಮಿಕನಿಗೆ ಜಾಗವಿಲ್ಲವೆಂಬ ಉತ್ತರ ಬರುತ್ತದೆ. ಸಂತೆಯ ಮೈದಾನ ಕಿರಿದಾದಂತೆ ತಕ್ಕಡಿ ಹಿಡಿದವನು ರಸ್ತೆಗೆ ಬರುತ್ತಾನೆ. ರಸ್ತೆಗೆ ಬಂದವನನ್ನು ಪೋಲೀಸರು ಎಬ್ಬಿಸುತ್ತಾರೆ. ರಾಜಕಾಲುವೆ ಮುಚ್ಚಿದ ಕಡೆ ಮಳೆಯ ನೀರು ನುಗ್ಗುವುದು ಬಂಗಲೆಗಲ್ಲ, ತಗ್ಗಿನ ವಠಾರಕ್ಕೆ. ಆದ್ದರಿಂದ ಈ ಮಾತು ನಮ್ಮೆಲ್ಲರದು.

ಕಾನೂನಿಗೆ ನಮ್ಮಲ್ಲಿ ಬರವಿಲ್ಲ. 1964ರ ಭೂಕಂದಾಯ ಕಾಯಿದೆಯುಂಟು. ಅದರ ಮೇಲೆ 1966ರಲ್ಲಾದ ನಿಯಮಗಳು ನೂರು ರಾಸುಗಳಿಗೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಗೋಮಾಳ ಬಿಡಬೇಕೆಂದು ಹೇಳುತ್ತವೆ. ಬಂಡಿದಾರಿ, ಹಳ್ಳ, ಸ್ಮಶಾನಗಳು 'ಬಿ' ಖರಾಬೆಂದು ಸರ್ಕಾರದ ಕಾಗದದಲ್ಲೇ ಬರೆದಿವೆ. ಕಾಗದದಲ್ಲಿ ಹಳ್ಳ ಹರಿಯುತ್ತಲೇ ಇದೆ. ನೆಲದ ಮೇಲೆ ಅಲ್ಲಿ ಕಲ್ಯಾಣಮಂಟಪ ನಿಂತಿದೆ.

2006ರಲ್ಲಿ ಎ. ಟಿ. ರಾಮಸ್ವಾಮಿಯವರ ಅಧ್ಯಕ್ಷತೆಯಲ್ಲಿ ವಿಧಾನಮಂಡಲದ ಜಂಟಿ ಸಮಿತಿಯೊಂದು ರಚಿತವಾಯಿತು. ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 27 ಸಾವಿರ ಎಕರೆಗೂ ಮಿಕ್ಕಿ ಸರ್ಕಾರಿ ಜಮೀನು ಒತ್ತುವರಿಯಾಗಿದೆಯೆಂದು ಅದು 2007ರಲ್ಲಿ ವರದಿ ಕೊಟ್ಟಿತು. ಮುಂದೆ ನಿವೃತ್ತ ಅಧಿಕಾರಿ ವಿ. ಬಾಲಸುಬ್ರಮಣಿಯನ್ ಅವರ ಕಾರ್ಯಪಡೆ ರಾಜ್ಯದ ಲೆಕ್ಕ ತೆಗೆಯಿತು; 2011ರ ಅದರ ವರದಿಯಲ್ಲಿ ಆ ಮೊತ್ತ 11 ಲಕ್ಷ ಎಕರೆಯನ್ನು ಮೀರಿತು. ಇವರಿಂದ ಸತ್ಯ ಹೊರಬಂದದ್ದು ಹೇಗೆ? ಒಬ್ಬರಿಗೆ ತಮ್ಮ ಸಹಶಾಸಕರ ಮುಲಾಜಿರಲಿಲ್ಲ. ಇನ್ನೊಬ್ಬರು ಆಡಳಿತದಲ್ಲೇ ಕೂದಲು ನರೆಸಿಕೊಂಡವರು. ಕಡತ ಎಲ್ಲಿ ಅಡಗುತ್ತದೆಂದು ಬಲ್ಲವರು. ಆದರೆ ಎರಡೂ ತಾತ್ಕಾಲಿಕ ಸಂಸ್ಥೆಗಳು. ವರದಿ ಕೊಟ್ಟಕೂಡಲೇ ಅವುಗಳ ಆಯುಸ್ಸು ಮುಗಿಯಿತು, ಒತ್ತುವರಿದಾರರ ಆಯುಸ್ಸು ಮುಂದುವರಿಯಿತು. ಸಾರ್ವಜನಿಕ ಜಮೀನಿನ ಸಂರಕ್ಷಣೆಗೆ ಕಾಯಂ ಆಯೋಗ ಬೇಕೆಂದು ನಾವು ಒತ್ತಾಯಿಸುವುದು ಇದಕ್ಕಾಗಿಯೇ.

ಆದರೆ ಆಯೋಗವೆಂದು ಬೋರ್ಡು ತೂಗುಹಾಕಿದರೆ ಸಾಲದು. ಕುರ್ಚಿಯಲ್ಲಿ ಕೂರುವವರು ಯಾರು?

ದೆಹಲಿಯ ಉದಾಹರಣೆಯೊಂದನ್ನು ನೋಡಿ. ಅಭಯಾರಣ್ಯದ ನೆಲವನ್ನು ಗಣಿಗೋ ಅಣೆಕಟ್ಟಿಗೋ ಕೊಡುವ ಮುನ್ನ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಅಭಿಪ್ರಾಯ ಬೇಕು. ಅದರಲ್ಲಿ ಹತ್ತು ಮಂದಿ ತಜ್ಞರೂ ಸರ್ಕಾರೇತರ ಸಂಸ್ಥೆಗಳ ಐದು ಮಂದಿಯೂ ಇರತಕ್ಕದ್ದೆಂದು ಕಾಯಿದೆ ಎಣಿಸಿ ಹೇಳಿದೆ. 2014ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹತ್ತರ ಜಾಗಕ್ಕೆ ಇಬ್ಬರನ್ನು ಹಾಕಿತು. ಐದು ಸಂಸ್ಥೆಗಳ ಜಾಗಕ್ಕೆ ಒಂದೇ ಒಂದು ಬಂತು. ಅದೂ ಗುಜರಾತ್ ಸರ್ಕಾರವೇ ಕಟ್ಟಿದ ಪ್ರತಿಷ್ಠಾನ! ಮಂಡಳಿಯ ಸ್ಥಾಯೀ ಸಮಿತಿ ಕೂತು ಯೋಜನೆಗಳನ್ನು ಸರಸರನೆ ಮುಂದಕ್ಕೆ ತಳ್ಳತೊಡಗಿತು. ಆ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತಡೆ ಹಾಕಬೇಕಾಯಿತು. ಇಬ್ಬರು ತಜ್ಞರನ್ನು ನಾವು ಹಳಿಯುತ್ತಿಲ್ಲ. ಅವರಲ್ಲಿ ಒಬ್ಬರು ಆನೆಗಳ ವಿಷಯದಲ್ಲಿ ಲೋಕಪ್ರಸಿದ್ಧರಾದ, ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್. ಉಳಿದ ಎಂಟು ಕುರ್ಚಿಗಳನ್ನು ಬೇಕೆಂದೇ ಖಾಲಿಯಿಟ್ಟವರನ್ನು ಕುರಿತು ನಮ್ಮ ಮಾತು.

ಹಾಗಾದರೆ ಅರ್ಹತೆಯೆಂದರೇನು? ಗ್ರಾಮನಕ್ಷೆ, ಟಿಪ್ಪಣಿ, ಆಕಾರ್‌ಬಂದ್ ಓದಬಲ್ಲ ಒಬ್ಬ ಸರ್ವೆಯವನು ಆಯೋಗದಲ್ಲಿರಬೇಕು. ತಿದ್ದಿದ ಪಹಣಿಯನ್ನು ಅವನಂತೆ ಹಿಡಿಯಬಲ್ಲವರು ಬೇರೆಯಿಲ್ಲ. ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಕೋಡಿ ಎತ್ತ ಹರಿಯುತ್ತದೆಂದು ತಿಳಿದ ನೀರಾವರಿ ಬಲ್ಲವರಿರಬೇಕು. ಕಾನೂನು ಬಲ್ಲವರಂತೂ ಸರಿಯೇ. ಇವರ ಜೊತೆಗೆ ಕುರಿ ಕಾಯುವವರ ಪೈಕಿ ಒಬ್ಬರು, ಭೂಮಿಯಿಲ್ಲದ ಕೂಲಿಗಾರರ ಪೈಕಿ ಒಬ್ಬರು ಇರತಕ್ಕದ್ದು. ಓದು ಬಾರದವರು ಆಯೋಗದಲ್ಲಿ ಏನು ಮಾಡಿಯಾರೆಂದು ನಗುವವರಿದ್ದಾರೆ. 1974ರ ಭೂಸುಧಾರಣೆಯ ಕಾಲದಲ್ಲಿ ಭೂನ್ಯಾಯಮಂಡಳಿಗಳಲ್ಲಿ ಅಸಿಸ್ಟೆಂಟ್ ಕಮೀಷನರ ಪಕ್ಕದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಸದಸ್ಯರೊಬ್ಬರು ಕೂರಬೇಕೆಂದು ಕಾಯಿದೆಯೇ ವಿಧಿಸಿತ್ತು. ಗೇಣಿದಾರನಿಗೆ ಜಮೀನು ಸಿಕ್ಕಿದ್ದು ಅಂಥ ಮಂಡಳಿಗಳಿಂದಲೇ.

ಇಲ್ಲಿ ನಮಗೊಂದು ಭಯವೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಕೂತವರು ವಿವೇಕಹೀನರಾದರೆ ಆಯೋಗ ಬಡವನ ಕುತ್ತಿಗೆಗೇ ಬರುತ್ತದೆ. 2011ರ ಭೂಕಬಳಿಕೆ ನಿಷೇಧ ಕಾಯಿದೆಯ ಪ್ರಕಾರ 2016ರಲ್ಲಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ತೆರೆಯಿತು. ಭೂಗಳ್ಳರಿಗೆಂದು ಮಾಡಿದ ಆ ಕಾಯಿದೆಯ ನೋಟೀಸು ಮಲೆನಾಡಿನಲ್ಲಿ ಒಂದೆರಡು ಎಕರೆ ಉಳುವವರಿಗೂ ಹೋಯಿತು. ಹೊಟ್ಟೆಪಾಡಿಗೆ ಬಗರ್‌ಹುಕುಂ ಉಳುವವನೂ ಲೇಔಟು ಹಾಕಿ ಮಾರುವವನೂ ಒಂದೇ ಏನು? 1951ರಲ್ಲಿ ಕಾಗೋಡಿನ ಗೇಣಿದಾರರ ಜೊತೆ ನಿಂತ ಪರಂಪರೆ ನಮ್ಮದು. ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ಗುಡಿಸಲು ಕಿತ್ತು ರೆಸಾರ್ಟು ಉಳಿಸುವ ಆಯೋಗ ನಮಗೆ ಬೇಡ.

ಇನ್ನು ಬಾರದೇ ಇರಬೇಕಾದವರ ಮಾತು. ನಿವೇಶನ ವ್ಯಾಪಾರದಲ್ಲಿ, ಕ್ವಾರಿಯಲ್ಲಿ, ಕಟ್ಟಡದ ಗುತ್ತಿಗೆಯಲ್ಲಿ ತನ್ನದಾಗಲಿ ಹೆಂಡತಿ ಮಕ್ಕಳದಾಗಲಿ ಪಾಲಿರುವ ಯಾರೂ ಸದಸ್ಯರಾಗಕೂಡದು. ಚುನಾವಣೆಯಲ್ಲಿ ಸೋತವರಿಗೆ ಸಮಾಧಾನಕ್ಕೆ ಕೊಡುವ ಕುರ್ಚಿಯೂ ಇದಾಗಕೂಡದು. ಈ ಮಾತು ನಮ್ಮ ಪಕ್ಷಕ್ಕೂ ಅನ್ವಯಿಸುತ್ತದೆ. 'ನಮ್ಮವರೊಬ್ಬರ ಹೆಸರು ಕೊಡೋಣ' ಎಂದು ಕಳೆದ ವಾರ ಕಚೇರಿಯಲ್ಲೇ ಮಾತೆದ್ದಿತು. ಹೆಸರು ಕೊಡೋಣ, ಆದರೆ ಆತ ನಕ್ಷೆ ಬಿಡಿಸಿ ತನ್ನೂರಿನ ಗೋಮಾಳದ ನಾಲ್ಕು ಎಲ್ಲೆ ತೋರಿಸಲಿ ಎಂದೆವು. ಮಾತು ಅಲ್ಲಿಗೇ ನಿಂತಿತು.

ಮನವಿಪತ್ರ ಸಭೆಯ ಮುಂದಿದೆ. ಅದರಲ್ಲಿ ನಾಲ್ಕು ಬೇಡಿಕೆಗಳಿವೆ: ಆಯೋಗ ಕಾಯಂ ಆಗಿರಲಿ, ಸದಸ್ಯರ ಅರ್ಹತೆ ಕಾಯಿದೆಯಲ್ಲೇ ಬರೆದಿರಲಿ, ಖಾಲಿಯಾದ ಸ್ಥಾನ ಮೂರು ತಿಂಗಳೊಳಗೆ ತುಂಬಲಿ, ನೇಮಕಕ್ಕೆ ಮುಂಚೆ ಸದಸ್ಯರ ಆಸ್ತಿಯ ಪಟ್ಟಿಯನ್ನು ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಲಿ. ನಾಲ್ಕನೆಯದು ಅತಿಯಾಯಿತೆಂದು ವ್ಯಾಪಾರಸ್ಥ ಮಿತ್ರರು ಕೆಲವರು ಹೇಳಿದ್ದಾರೆ. ಅವರ ವಾದವನ್ನು ಈಗಲೇ ಕೇಳಿ, ಆಮೇಲೆ ಸಹಿ ಹಾಕೋಣ.